ಜೂನ್ 6ಕ್ಕೆ ಏನ್ ವಿಶೇಷ? ಶಾಲೆ ಪ್ರೇಯರ್‌ಗೆ "ದಿನದ ವಿಶೇಷ" ರೆಡಿ ಮಾಡೋ ರೀತಿ

ನಮ್ಮ ಮಾಲೂರು ತಾಲ್ಲೂಕಿನ ಶಾಲೇಲಿ ಬೆಳಗ್ಗೆ ಪ್ರೇಯರ್‌ನಲ್ಲಿ ನಾಡಗೀತೆ, ಪೇಪರ್ ಹೆಡ್‌ಲೈನು, ಗಾದೆ ಎಲ್ಲ ಆದ್ಮೇಲೆ ಒಂದು ಮಗು ಮುಂದೆ ಬಂದು "ದಿನದ ವಿಶೇಷ" ಓದುತ್ತೆ, ಅದನ್ನ ರೆಡಿ ಮಾಡ್ಸೋ ಕೆಲ್ಸ ಕೆಲವು ವರ್ಷದಿಂದ ನಂದೇ. ಹೊಸದಾಗಿ ಬಂದ ಟೀಚರ್‌ಗಳು ಹೇಗ್ ಮಾಡ್ತೀರ ಮೇಡಂ ಅಂತ ಕೇಳ್ತಾನೇ ಇರ್ತಾರೆ, ಅದಕ್ಕೆ ಒಂದ್ಸಲ ಪೂರ್ತಿ ಬರೆದುಬಿಡ್ತೀನಿ. ಉದಾಹರಣೆಗೆ ಜೂನ್ 6 ತಗೋತೀನಿ, ಅದು ನಮ್ಮ ತಾಲ್ಲೂಕಿನ ದಿನ.

ಮೊದ್ಲು ಒಂದು ದಪ್ಪ ಲಾಂಗ್ ನೋಟ್‌ಬುಕ್ ತಗೊಳ್ಳಿ. ತಾರೀಖಿಗೊಂದು ಪುಟ, ಒಟ್ಟು 366 ಪುಟ. ಫೆಬ್ರವರಿ 29 ಬಿಡ್ಬೇಡಿ, ಮೊರಾರ್ಜಿ ದೇಸಾಯಿ ಹುಟ್ಟಿದ್ದು 1896ರ ಫೆಬ್ರವರಿ 29ಕ್ಕೆ. ಪುಟದ ಮೇಲೆ ತಾರೀಖು, ತಿಂಗಳು ಅಷ್ಟೇ, ಇಸವಿ ಪ್ರತಿ ಸಾಲಿನ ಶುರುವಲ್ಲಿ ಬರ್ಲಿ, ಸಾಲಿನ ಕೊನೇಲಿ ಇದು ಎಲ್ಲಿ ಸಿಕ್ತು ಅಂತ ಚಿಕ್ಕದಾಗಿ ಬರ್ಕೊಳ್ಳಿ. ಈ ಕೊನೇದನ್ನ ಎಲ್ರೂ ಮರೀತಾರೆ, ಮುಂದಿನ ವರ್ಷ ಯಾರಾದ್ರೂ ಪ್ರಶ್ನೆ ಕೇಳಿದಾಗ ಒದ್ದಾಡ್ತಾರೆ.

ಪಟ್ಟಿ ಮಾಡೋವಾಗ ಎಲ್ರೂ ಮೊಬೈಲ್ ತೆಗೆದು ಇಂಗ್ಲಿಷಲ್ಲಿ ತಾರೀಖು ಹೊಡೆದು ಸಿಕ್ಕಿದ್ದೆಲ್ಲ ಇಳಿಸ್ಕೊಳ್ತಾರೆ. ನಾನು ಹಾಗೆ ಮಾಡಲ್ಲ, ಮೊದಲ್ನೇ ಸಾಲು ನಮ್ಮ ಕಡೇದೇ ಆಗಿರ್ಬೇಕು, ಆಮೇಲೆ ಹೊರಗೆ ಹೋಗ್ಬೇಕು. ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಜಿಲ್ಲೆ ಸೇರಿಸಿದ್ರೆ ಎಷ್ಟೋ ಪುಟ ತುಂಬುತ್ತೆ. ಮಾರ್ಚ್ 17ಕ್ಕೆ ಮುಳಬಾಗಿಲಲ್ಲಿ ಹುಟ್ಟಿದ ಡಿವಿಜಿ, 1887. ಏಪ್ರಿಲ್ 1ಕ್ಕೆ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ, 1907. ಏಪ್ರಿಲ್ 25ಕ್ಕೆ ವಿದುರಾಶ್ವತ್ಥದ ಗೋಲಿಬಾರು, 1938, ಧ್ವಜ ಹಾರಿಸೋಕೆ ಸೇರಿದ್ದ ಜನರ ಮೇಲೆ ಗುಂಡು ಹಾರಿಸಿದ ದಿನ, ಅದೇ ಏಪ್ರಿಲ್ 25ಕ್ಕೆ 1953ರಲ್ಲಿ ಡಿಎನ್‌ಎ ರಚನೆ ಬಗ್ಗೆ ವಾಟ್ಸನ್, ಕ್ರಿಕ್ ಬರೆದ ಲೇಖನ ಪ್ರಿಂಟ್ ಆಯ್ತು.

ಇದ್ರಲ್ಲಿ ನನಗೆ ತುಂಬ ಇಷ್ಟ ಫೆಬ್ರವರಿ 28. ಆವತ್ತು ರಾಷ್ಟ್ರೀಯ ವಿಜ್ಞಾನ ದಿನ, 1928ರಲ್ಲಿ ಸಿ.ವಿ. ರಾಮನ್ ತಮ್ಮ ಪರಿಣಾಮ ಕಂಡುಹಿಡಿದ ದಿನ ಅಂತ ಎಲ್ಲ ಶಾಲೇಲೂ ಹೇಳ್ತಾರೆ. ಆದ್ರೆ 2001ರಲ್ಲಿ ಅದೇ ಫೆಬ್ರವರಿ 28ಕ್ಕೆ ನಮ್ಮ ಕೆಜಿಎಫ್ ಚಿನ್ನದ ಗಣಿ ಮುಚ್ಚಿದ್ದು. ಎರಡಕ್ಕೂ ಏನ್ ಸಂಬಂಧ ಅಂತೀರ? ಅದೇ ಗಣಿ ಒಳಗೆ 2 ಕಿಲೋಮೀಟರ್‌ಗಿಂತ ಆಳದಲ್ಲಿ 1965ರಲ್ಲಿ ವಿಜ್ಞಾನಿಗಳು, ವಾತಾವರಣದಲ್ಲಿ ಹುಟ್ಟಿ ಭೂಮಿ ಒಳಗೂ ತೂರ್ಕೊಂಡು ಬರೋ ನ್ಯೂಟ್ರಿನೊ ಅನ್ನೋ ಕಣಗಳ ಗುರುತು ಹಿಡಿದ್ರು. ಅಷ್ಟು ಆಳ ಯಾಕಂದ್ರೆ ಮೇಲಿರೋ ಬಂಡೆ ಬೇರೆ ಕಣಗಳನ್ನೆಲ್ಲ ತಡೆದುಬಿಡುತ್ತೆ, ನ್ಯೂಟ್ರಿನೊ ಮಾತ್ರ ದಾಟಿ ಬರುತ್ತೆ. ತಾತ ಗಣೀಲಿ ಕೆಲ್ಸ ಮಾಡ್ತಿದ್ದ ಒಂದು ಹುಡ್ಗ ಇದನ್ನ ಕೇಳಿ ಮಾರನೇ ದಿನ ತಾತನ ಹತ್ರ ಇನ್ನೂ ಹತ್ತು ವಿಷಯ ಕೇಳ್ಕೊಂಡು ಬಂದ.

ಈಗ ಜೂನ್ 6. ಮೊದಲ್ನೇ ಸಾಲು ಮಾಸ್ತಿ ವೆಂಕಟೇಶ ಅಯ್ಯಂಗಾರ್, 1891ರಲ್ಲಿ ಮಾಲೂರು ತಾಲ್ಲೂಕಿನ ಹುಂಗೇನಹಳ್ಳೀಲಿ ಹುಟ್ಟಿದ್ದು, "ಶ್ರೀನಿವಾಸ" ಅನ್ನೋ ಹೆಸರಲ್ಲಿ ಬರೀತಿದ್ರು, 1983ರ ಜ್ಞಾನಪೀಠ ಅವರಿಗೇ ಬಂದಿದ್ದು. ಅವ್ರು ತೀರ್ಕೊಂಡಿದ್ದು 1986ರಲ್ಲಿ, ಅದೂ ಜೂನ್ 6ಕ್ಕೇ, ಸರಿಯಾಗಿ 95 ವರ್ಷ ತುಂಬಿದ ದಿನ. ನಾನು ಮೊದಲ್ನೇ ವರ್ಷ ಇದನ್ನ ನೋಡಿ ಯಾರೋ ಹುಟ್ಟಿದ ತಾರೀಖನ್ನೇ ಎರಡು ಸಲ ಬರೆದಿದಾರೆ ಅಂದ್ಕೊಂಡು ನಿಧನದ ಸಾಲನ್ನ ಅಳಿಸಿಬಿಟ್ಟಿದ್ದೆ, ಮಗು ಹುಟ್ಟಿದ್ದು ಮಾತ್ರ ಓದ್ತು, ಸಂಜೆ ಲೈಬ್ರರೀಲಿ ಬೇರೆ ಪುಸ್ತಕ ತೆಗೆದು ನೋಡಿದಾಗ ಅಲ್ಲೂ ಅದೇ ತಾರೀಖಿತ್ತು. ಮಾರನೇ ದಿನ ಪ್ರೇಯರ್‌ನಲ್ಲಿ ನಾನೇ ನಿಂತು ತಿದ್ದಿ ಹೇಳಿದೆ. ಅವತ್ತಿಂದ ಒಂದು ರೂಲು ಮಾಡ್ಕೊಂಡಿದೀನಿ, ಬರೆಯೋಕೂ ಎರಡು ಕಡೆ ನೋಡ್ಬೇಕು, ಅಳಿಸೋಕೂ ಎರಡು ಕಡೆ ನೋಡ್ಬೇಕು. ಎರಡು ಕಡೆ ಅಂದ್ರೆ ಒಬ್ಬರನ್ನ ನೋಡಿ ಇನ್ನೊಬ್ರು ಕಾಪಿ ಮಾಡಿರೋ ಎರಡು ವೆಬ್‌ಸೈಟ್ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ, ಜಿಲ್ಲಾ ಗೆಜೆಟಿಯರು, ಹಳೇ ಪೇಪರು, ಆಟ ಆದ್ರೆ ಸ್ಕೋರ್‌ಕಾರ್ಡು, ಹೀಗೆ ಬೇರೆ ಬೇರೆ ಮೂಲ ಇರ್ಬೇಕು.

ಎರಡು ಮೂಲ ಬೇರೆ ಬೇರೆ ಹೇಳಿದ್ರೆ? ಸೆಪ್ಟೆಂಬರ್ 15ಕ್ಕೆ ನಮಗೆ ಪ್ರತಿ ವರ್ಷ ಇದೇ ಕತೆ. ಮುದ್ದೇನಹಳ್ಳಿಯ ಸರ್ ಎಂ.ವಿ. ಹುಟ್ಟಿದ ದಿನ ಅದು, ಎಂಜಿನಿಯರ್‌ಗಳ ದಿನ, ತಾರೀಖಲ್ಲಿ ಜಗಳ ಇಲ್ಲ, ಇಸವಿ ಮಾತ್ರ ಕೆಲವು ಪುಸ್ತಕದಲ್ಲಿ 1860, ಕೆಲವ್ರಲ್ಲಿ 1861. ಆಗ ಎರಡನ್ನೂ ಹೇಳಿಬಿಡಿ, ಮಕ್ಕಳಿಗೆ ಅದು ಚೆನ್ನಾಗೇ ಅರ್ಥ ಆಗುತ್ತೆ. ಹಿಂದೆಲ್ಲ ಶಾಲೆಗೆ ಸೇರಿಸೋವಾಗ ಮೇಷ್ಟ್ರು ಅಂದಾಜಲ್ಲಿ ಜೂನ್ 1 ಅಂತ ಬರ್ಕೊಂಡು ಎಷ್ಟೋ ಜನರ ಹುಟ್ಟುಹಬ್ಬ ಅದೇ ಆಗೋಗಿದೆ ಅಲ್ವಾ, ನಮ್ಮಮ್ಮಂದೂ ಹಾಗೇನೇ.

ಹುಟ್ಟಿದ ದಿನ ಅಂತ ಇರೋದೆಲ್ಲ ಹುಟ್ಟಿದ ದಿನವೂ ಆಗಿರಲ್ಲ. ಸ್ಪೇನಿನ ದೊಡ್ಡ ಚಿತ್ರಕಾರ ವೆಲಾಸ್ಕೆಸ್ ಹೆಸರಿಗೆ 1599ರ ಜೂನ್ 6 ಅಂತ ಇರುತ್ತೆ, ಅದು ಚರ್ಚಲ್ಲಿ ದೀಕ್ಷಾಸ್ನಾನ ಮಾಡಿಸಿದ ದಿನ. ರಷ್ಯಾದ ಕವಿ ಪುಷ್ಕಿನ್ ಹುಟ್ಟಿದ್ದು ಈಗಿನ ಕ್ಯಾಲೆಂಡರ್ ಪ್ರಕಾರ 1799ರ ಜೂನ್ 6, ಆಗ ಅವ್ರ ದೇಶದ ಹಳೇ ಕ್ಯಾಲೆಂಡರ್ ಪ್ರಕಾರ ಮೇ 26. ರಷ್ಯಾ ಕ್ಯಾಲೆಂಡರ್ ಬದಲಾಯಿಸಿದ್ದೇ 1918ರಲ್ಲಿ. ಹೀಗಿರೋದ್ರಿಂದ ಒಬ್ಬರದ್ದೇ ಎರಡು ಪುಟದಲ್ಲಿ ಬಂದ್ರೆ ಗಾಬರಿ ಬೇಡ. ನಮ್ಮಲ್ಲೂ ಬಸವ ಜಯಂತಿ, ಕನಕ ಜಯಂತಿ, ಯುಗಾದಿ ಎಲ್ಲ ತಿಥಿ ಮೇಲೆ ನಡೆಯೋದು, ಅವನ್ನ ಈ ಪುಸ್ತಕದ ಪುಟಕ್ಕೆ ಹಾಕ್ಬೇಡಿ, ಪ್ರತಿ ವರ್ಷ ಪಂಚಾಂಗ ನೋಡಿ ಬೇರೆ ಚೀಟೀಲಿ ಬರ್ಕೊಳ್ಳಿ.

ಇನ್ನೊಂದು ತೊಂದ್ರೆ ಗಡಿಯಾರದ್ದು. ಚಂದ್ರನ ಮೇಲೆ ಅಪೊಲೊ 11 ಇಳಿದಿದ್ದು ಜುಲೈ 20, 1969 ಅಂತ ಎಲ್ಲ ಕಡೆ ಇದೆ, ಆ ಹೊತ್ತಿಗೆ ನಮ್ಮಲ್ಲಿ ಜುಲೈ 21 ಬೆಳಗಿನ ಜಾವ 1 ಗಂಟೆ 47 ನಿಮಿಷ. ಪುಟ 20ರದ್ದೇ ಇರ್ಲಿ, ಆದ್ರೆ ಓದೋವಾಗ ಇದನ್ನೂ ಸೇರಿಸಿ.

ಆಟದ ಸಾಲಿಗೆ ಜೂನ್ 6 ಹಬ್ಬ ಇದ್ದಂಗೆ. ಬ್ರಯಾನ್ ಲಾರಾ 1994ರಲ್ಲಿ ವಾರ್ವಿಕ್‌ಶೈರ್ ಪರ ಡರಮ್ ಮೇಲೆ ಎಡ್ಜ್‌ಬಾಸ್ಟನ್‌ನಲ್ಲಿ ಔಟಾಗದೆ 501 ಹೊಡೆದಿದ್ದು ಈ ದಿನ. ಫಸ್ಟ್ ಕ್ಲಾಸ್ ಮ್ಯಾಚ್ ಅಂದ್ರೆ ಹಲವು ದಿನ ನಡೆಯುತ್ತೆ, ಯಾವ ತಾರೀಖಿಗೆ ಹಾಕೋದು ಅಂತ ಕನ್‌ಫ್ಯೂಸ್ ಆದ್ರೆ ದಾಖಲೆ ಮುರಿದ ದಿನಕ್ಕೆ ಹಾಕಿ. ಹಿಂದೆ ಆಡಿದ್ದು 111, ಆ ಕೊನೇ ಒಂದೇ ದಿನ 390 ರನ್ನು! 427 ಬಾಲು, 62 ಫೋರು, 10 ಸಿಕ್ಸು. ಬರೀ ಸಂಖ್ಯೆ ಓದಿಸಿದ್ರೆ ಮಕ್ಕಳು ಆಕಳಿಸ್ತಾರೆ, ಅದಕ್ಕೆ ನಾನು ಅದ್ರ ಒಳಗಿನ ಕತೆ ಹುಡುಕ್ತೀನಿ. ಲಾರಾ 12ರಲ್ಲಿ ಇದ್ದಾಗ ಬೌಲ್ಡ್ ಆದ, ನೋಡಿದ್ರೆ ಅದು ನೋಬಾಲು. 18ರಲ್ಲಿ ವಿಕೆಟ್‌ಕೀಪರ್ ಕ್ಯಾಚ್ ಬಿಟ್ಟ. ಅದಕ್ಕೂ ಮುಂಚೆ ದಾಖಲೆ ಇದ್ದಿದ್ದು ಪಾಕಿಸ್ತಾನದ ಹನೀಫ್ ಮೊಹಮ್ಮದ್ ಹೆಸರಲ್ಲಿ, 1959ರಲ್ಲಿ ಕರಾಚೀಲಿ 499, ಐನೂರನೇ ರನ್ನಿಗೆ ಓಡೋಕೋಗಿ ರನೌಟು. ಇದನ್ನ ಹೇಳಿದ ದಿನ ಹಿಂದಿನ ಸಾಲಲ್ಲಿ ನಿಂತಿದ್ದ ದೊಡ್ಡ ಹುಡುಗ್ರು "ಅಯ್ಯೋ" ಅಂದಿದ್ದು ಗೇಟಿನವರೆಗೂ ಕೇಳಿಸ್ತು.

ಹುಟ್ಟುಹಬ್ಬದಲ್ಲಿ ಅಜಿಂಕ್ಯ ರಹಾನೆ ಇದಾರೆ, 1988. ಟೆನಿಸ್‌ನ ಬೋರ್ಗ್ 1956, 1976ರಿಂದ 1980ರವರೆಗೆ ವಿಂಬಲ್ಡನ್ ಸತತ ಐದು ಸಲ ಗೆದ್ದವ್ರು, ಅವ್ರ ದೇಶ ಸ್ವೀಡನ್ನಿನ ರಾಷ್ಟ್ರೀಯ ದಿನವೂ ಜೂನ್ 6ಕ್ಕೇ.

ಚರಿತ್ರೆಗೆ ಎರಡು ಸಾಕು. 1674, ರಾಯಗಡದಲ್ಲಿ ಶಿವಾಜಿ ಪಟ್ಟಾಭಿಷೇಕ. ಇದನ್ನ ಓದಿಸೋವಾಗ ಶಿವಾಜಿ ತಂದೆ ಶಹಾಜಿಯ ಜಹಗೀರಲ್ಲಿ ಬೆಂಗಳೂರಿನ ಜೊತೆ ನಮ್ಮ ಕೋಲಾರವೂ ಇತ್ತು ಅಂತ ಒಂದು ಮಾತು ಸೇರಿಸಿ, ರಾಯಗಡ ತಕ್ಷಣ ಹತ್ರ ಬರುತ್ತೆ. ಇನ್ನೊಂದು 1944ರ ಡಿ-ಡೇ, ಮಿತ್ರ ಪಡೆಗಳು ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ಇಳಿದಿದ್ದು. ಅದು ಜೂನ್ 5ಕ್ಕೇ ಆಗ್ಬೇಕಿತ್ತು, ಹವಾಮಾನ ಕೆಟ್ಟಿತ್ತು ಅಂತ ಒಂದು ದಿನ ಮುಂದಕ್ಕೆ ಹಾಕಿದ್ರು. ಯುದ್ಧದ ವಿಷಯ ಜಾಸ್ತಿ ಎಳೀಬೇಡಿ, ಒಂದನೇ ಕ್ಲಾಸಿನ ಮಕ್ಕಳೂ ಅಲ್ಲೇ ನಿಂತಿರ್ತಾರೆ.

ಇಷ್ಟೆಲ್ಲ ಪುಸ್ತಕದಲ್ಲಿ ಇರ್ಲಿ, ಬೋರ್ಡ್ ಮೇಲೆ ಐದು ಸಾಲು ಮಾತ್ರ, ಓದೋಕೆ ಎರಡು ನಿಮಿಷ. ಒಂದಕ್ಕೆ ಮಾತ್ರ ಕತೆ, ಉಳಿದವಕ್ಕೆ ಒಂದೊಂದು ವಾಕ್ಯ. ಹಿಂದಿನ ದಿನ ಸಂಜೇನೇ ಓದೋ ಮಗೂಗೆ ಚೀಟಿ ಕೊಟ್ಟು ವೆಲಾಸ್ಕೆಸ್, ನಾರ್ಮಂಡಿ ತರದ ಹೆಸರನ್ನ ಎರಡು ಸಲ ಜೋರಾಗಿ ಹೇಳಿಸಿ, ಇಲ್ಲಾಂದ್ರೆ ಬೆಳಗ್ಗೆ ತಡವರಿಸಿ ಪಾಪ ಅಳೋಕೆ ಶುರು ಮಾಡುತ್ತೆ. ಜೂನ್ 6 ಭಾನುವಾರ ಬಂದ್ರೆ ಶನಿವಾರವೇ "ನಾಳೆ" ಅಂತ ಓದಿಸಿ. ಅವತ್ತು ಹುಟ್ಟಿದ ಮಗು ನಮ್ಮ ಶಾಲೇಲೇ ಇದ್ಯಾ ಅಂತ ಅಡ್ಮಿಷನ್ ರಿಜಿಸ್ಟರ್ ನೋಡಿ, ಇದ್ರೆ ಮಾಸ್ತಿ ಹೆಸರಿನ ಕೆಳಗಿನ ಸಾಲಲ್ಲೇ ಬಣ್ಣದ ಚಾಕ್‌ಪೀಸಲ್ಲಿ ಆ ಮಗು ಹೆಸರು ಬರೀರಿ.