ಗಾಜಿನಾಚೆಯ ಮೀನಿಗೆ ಫ್ಲ್ಯಾಷ್ ಹಾಕೋದು ಹೇಗೆ

ಬದಿಯಡ್ಕದ ನಮ್ಮನೆ ಚಾವಡಿಯಲ್ಲಿ ಎರಡಡಿ ಟ್ಯಾಂಕ್ ಉಂಟು, ನಾಲ್ಕು ಮಿಸ್ ಕೇರಳ ಮೀನು, ಶುರುವಿಗೆ ತೆಗೆದ ಫೋಟೋದಲ್ಲೆಲ್ಲ ಮೀನಿಗಿಂತ ನನ್ನ ಮೋರೆ ಮತ್ತೆ ಒಂದು ಬಿಳಿ ಉಂಡೆಯೇ ಜಾಸ್ತಿ. ಕ್ಯಾಮೆರಾದ ಮೇಲಿನ ಫ್ಲ್ಯಾಷ್ ನೇರ ಗಾಜಿಗೆ ಬಡಿದು ಲೆನ್ಸಿಗೇ ವಾಪಸ್ ಬರ್ತದೆ, ಅದೇ ತೊಂದರೆ.

ಹಾಗಾಗಿ ಫ್ಲ್ಯಾಷನ್ನು ಕ್ಯಾಮೆರಾದಿಂದ ಬಿಚ್ಚಿ, ವೈರ್‌ಲೆಸ್ ಟ್ರಿಗರ್ (ವೈರ್ ಇಲ್ಲದೆ ದೂರದಿಂದಲೇ ಫ್ಲ್ಯಾಷ್ ಹೊಡೆಸುವ ಸಾಧನ) ಹಾಕಿ, ಟ್ಯಾಂಕಿನ ಗಾಜಿನ ಮುಚ್ಚಳದ ಮೇಲೆ ಕೆಳಮುಖ ಮಾಡಿ ಇಡಿ, ಮಧ್ಯೆ ಒಂದು ಬಿಳಿ ಹಾಳೆ ಇಟ್ರೆ ಬೆಳಕು ಮೆತ್ತಗಾಗಿ ಹೊಳೆಯುವ ಚಿಪ್ಪು ಸುಟ್ಟ ಹಾಗೆ ಕಾಣೋದಿಲ್ಲ. ಮುಚ್ಚಳ ಇಲ್ಲದೆ ನೀರಿನ ಮೇಲೆ ನೇತುಹಾಕ್ಲೇಬೇಡಿ ಮಾರಾಯ್ರೆ, ಫ್ಲ್ಯಾಷಿನೊಳಗೆ ನೂರಾರು ವೋಲ್ಟ್ ಇರ್ತದೆ.

ಲೆನ್ಸಿಗೆ ರಬ್ಬರ್ ಹುಡ್ (ಲೆನ್ಸಿನ ಮೂತಿಗೆ ಸಿಕ್ಕಿಸುವ ಮೆತ್ತನೆ ಕೊಳವೆ) ಹಾಕಿ ಗಾಜಿಗೆ ಒತ್ತಿ, ನೇರ ಹಿಡೀರಿ. ಓರೆ ಹಿಡಿದ್ರೆ ಬೆಳಕು ಬಾಗಿ ಮೀನು ಮಸುಕಾಗ್ತದೆ. ರೂಮಿನ ಲೈಟ್ ಆಫ್. ಮ್ಯಾನುವಲ್ ಮೋಡ್‌ನಲ್ಲಿ ಶಟರ್ 1/160 ಸೆಕೆಂಡ್, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಎಫ್8, ಐಎಸ್ಒ (ಬೆಳಕು ಹಿಡಿಯುವ ಸೂಕ್ಷ್ಮತೆ) 200 ಇಟ್ಟು ಶುರು ಮಾಡಿ, ಕಪ್ಪಾದ್ರೆ ಫ್ಲ್ಯಾಷ್ ಪವರ್ ಏರಿಸಿ.

ಗಾಜು ಒರೆಸೋದು ಮಾತ್ರ ಮರೀಬೇಡಿ, ಹೊರಗೂ ಒಳಗೂ. ನಮ್ಮ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಹೊರಗಡೆ ಬೆವರ್ತದೆ, ಒಳಗೆ ಪಾಚಿ. ಆಮೇಲೆ ಫೋಕಸನ್ನು ಒಂದು ಗಿಡದ ಹತ್ರ ಫಿಕ್ಸ್ ಮಾಡಿ ಕೂತ್ಕೊಳ್ಳಿ, ಮೀನೇ ಅಲ್ಲಿಗೆ ಬರ್ತದೆ, ಕಣ್ಣು ಶಾರ್ಪ್ ಕಂಡಾಗ ಒತ್ತಿ.