ಹೈಸ್ಕೂಲಿನಲ್ಲಿ ಕಾಲೇಜಿನ ಪಾಠ: ಮಟ್ಟ ನೋಡಲು ನಾನು ಕಲಿತ ದಾರಿ

ನಾನು ಅಮೆರಿಕದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಸುತ್ತಲಿನ ಹೈಸ್ಕೂಲುಗಳಲ್ಲೂ ನಮ್ಮ ಕಾಲೇಜಿನ ಕೋರ್ಸು ನಡೆಯುತ್ತದೆ. ಕಲಿಸುವವರು ಆ ಶಾಲೆಯ ಟೀಚರೇ, ಪದವಿಗೆ ಲೆಕ್ಕವಾಗುವ ಕ್ರೆಡಿಟ್ ಕೊಡುವವರು ನಾವು. ಆ ಪಾಠ ನಿಜಕ್ಕೂ ಕಾಲೇಜಿನ ಮಟ್ಟದ್ದೇ ಅಂತ ನೋಡುವ ಕೆಲಸ ನನ್ನದು.

ತುಂಬ ಜನ ಇದನ್ನು ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಹೈಸ್ಕೂಲಿನಲ್ಲೇ ಓದುವ ಇನ್ನೊಂದು ಬಗೆಯ ಕಾಲೇಜು ಮಟ್ಟದ ಕೋರ್ಸು) ಅಂದುಕೊಳ್ಳುತ್ತಾರೆ. ಅಲ್ಲ. ಎಪಿಗೆ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ಎಲ್ಲರಿಗೂ ಸೇರಿ ಹೊರಗಿನಿಂದ ಪರೀಕ್ಷೆ ಇಡುತ್ತದೆ, 1ರಿಂದ 5ರವರೆಗೆ ಸ್ಕೋರ್ ಕೊಡುತ್ತದೆ. ಇಲ್ಲಿ ಟೀಚರ್ ಕೊಟ್ಟ ಗ್ರೇಡೇ ನೇರವಾಗಿ ಕಾಲೇಜಿನ ಅಂಕಪಟ್ಟಿಗೆ, ಅಂದರೆ ಟ್ರಾನ್ಸ್‌ಕ್ರಿಪ್ಟ್‌ಗೆ ಹೋಗುತ್ತದೆ. ಸಿರಾಕ್ಯೂಸ್ ವಿಶ್ವವಿದ್ಯಾಲಯ 1972ರಲ್ಲೇ ಇಂಥ ಯೋಜನೆ ಶುರು ಮಾಡಿತ್ತು. ಇಂಥ ಕೋರ್ಸುಗಳಿಗಾಗಿಯೇ 1999ರಲ್ಲಿ ನೇಸೆಪ್ ಎಂಬ ಸಂಘ ಹುಟ್ಟಿತು, 2002ರಲ್ಲಿ ಅದರ ಮಾನದಂಡಗಳು ಬಂದವು. ಟೀಚರ್ ಅರ್ಹತೆ, ಸಿಲಬಸ್, ತರಗತಿ ಭೇಟಿ, ಪರೀಕ್ಷೆಯ ಮಟ್ಟ ಎಲ್ಲಾ ಅದರಲ್ಲಿದೆ.

ಮೊದಲ ವರ್ಷ ನಾನು ಒಂದು ಶಾಲೆಯ ಕಾಗದಪತ್ರ ನೋಡಿದೆ. ಟೀಚರ್‌ಗೆ ಗಣಿತದಲ್ಲಿ ಎಂ.ಎ. ಇದೆಯಾ, ಬೇರೆ ವಿಷಯದ್ದಾದರೆ ಜೊತೆಗೆ ಗಣಿತದಲ್ಲಿ 18 ಸ್ನಾತಕೋತ್ತರ ಕ್ರೆಡಿಟ್ ಆದರೂ ಆಗಿದೆಯಾ? ಇದೆ. ಅದೇ ಪುಸ್ತಕ, ಅದೇ ಸಿಲಬಸ್. ಪಾಸಾದವರು ನಮ್ಮ ಕ್ಯಾಂಪಸ್‌ಗಿಂತ ಜಾಸ್ತಿ. ನನಗೆ ಸಮಾಧಾನವಾಯಿತು. ಆದರೆ ಆ ಕೋರ್ಸಿಗೆ ಬರುವವರು ಮೊದಲೇ ಚೆನ್ನಾಗಿ ಓದುವ ಮಕ್ಕಳು. ಅವರು ಪಾಸಾದರು ಅಂದ ಮಾತ್ರಕ್ಕೆ ಪಾಠದ ಮಟ್ಟ ಗೊತ್ತಾಗುವುದಿಲ್ಲ ಅಲ್ವಾ?

ನಮ್ಮಪ್ಪ ಪಿಯು ಕಾಲೇಜಿನಲ್ಲಿ ಲೆಕ್ಕದ ಮೇಷ್ಟ್ರಾಗಿದ್ದರು. ಪ್ರತಿ ವರ್ಷ ವ್ಯಾಲ್ಯುಯೇಶನ್‌ಗೆ ಹೋಗುತ್ತಿದ್ದರು. ಪತ್ರಿಕೆ ಯಾವ ಊರಿನ ಹುಡುಗನದೋ ಗೊತ್ತಿಲ್ಲ, ಅಂಕ ಕೊಡುವ ಸ್ಕೀಮ್ ಮಾತ್ರ ಎಲ್ಲರಿಗೂ ಒಂದೇ. ಮರುವರ್ಷ ಅದನ್ನೇ ಮಾಡಿದೆ. ಫೈನಲ್ ಪರೀಕ್ಷೆಯಲ್ಲಿ ಐದು ಪ್ರಶ್ನೆ ಎರಡೂ ಕಡೆ ಒಂದೇ ಇಟ್ಟೆವು. ಹೆಸರು ಮುಚ್ಚಿ, ನಮ್ಮ ಮಕ್ಕಳದ್ದು ಅವರ ಮಕ್ಕಳದ್ದು ಬೆರೆಸಿ, ನಾನು ಮತ್ತು ಆ ಶಾಲೆಯ ಟೀಚರ್ ಬೇರೆ ಬೇರೆ ಕೂತು ತಿದ್ದಿದೆವು.

ಒಂದು ಪ್ರಶ್ನೆ ಹೀಗಿತ್ತು: ಲಾಗ್ x ಮತ್ತು ಲಾಗ್ (x − 3) ಕೂಡಿದರೆ 1 ಬರುತ್ತದೆ, x ಎಷ್ಟು? ಬಿಡಿಸಿದರೆ 5 ಮತ್ತು −2 ಎರಡು ಉತ್ತರ ಸಿಗುತ್ತವೆ. ಆದರೆ ಋಣ ಸಂಖ್ಯೆಗೆ ಇಲ್ಲಿ ಲಾಗ್ ತೆಗೆಯಲಾಗದು. ಹಾಗಾಗಿ −2 ಬಿಡಬೇಕು. ಎರಡನ್ನೂ ಬರೆದಿಟ್ಟವರಿಗೆ ಆ ಟೀಚರ್ ಹತ್ತಕ್ಕೆ ಒಂಬತ್ತು ಕೊಟ್ಟಿದ್ದರು, ನಾನು ಆರು. ಹೆಜ್ಜೆಗಳೆಲ್ಲ ಸರಿ ಇವೆಯಲ್ಲ ಅಂದರು. ಆದರೆ ಲಾಗ್ ಅಂದರೆ ಏನು ಅಂತ ಮಗುವಿಗೆ ಗೊತ್ತಿದೆಯೋ ಇಲ್ಲವೋ ತಿಳಿಯುವುದೇ ಆ ಕೊನೆಯ ಸಾಲಿನಲ್ಲಿ. ಮುಂದೆ ಕ್ಯಾಲ್ಕುಲಸ್‌ನಲ್ಲಿ ಎಡವುವುದೂ ಅಲ್ಲೇ. ಆ ಒಂದು ಪ್ರಶ್ನೆ ಮೇಲೆ ಮುಕ್ಕಾಲು ಗಂಟೆ ಮಾತಾಡಿದೆವು. ಮೂರು ಫೈಲು ಸಿಲಬಸ್ ಹೇಳದ್ದನ್ನು ಆ ಮುಕ್ಕಾಲು ಗಂಟೆ ಹೇಳಿತು.

ಇನ್ನೊಂದು ವಿಷಯವೂ ಗೊತ್ತಾಯಿತು. ಗ್ರಾಫ್ ಬಿಡಿಸುವ ಪ್ರಶ್ನೆಯಲ್ಲಿ ಅವರ ಮಕ್ಕಳೇ ನಮ್ಮವರಿಗಿಂತ ಮುಂದೆ. ಆ ಶಾಲೆಯಲ್ಲಿ ದಿನಾ ತರಗತಿ ಇದೆ. ನಾವು ವಾರಕ್ಕೆ ಮೂರೇ ದಿನ ಸಿಗುವುದು. ಅವರು ನಿಧಾನವಾಗಿ, ಬೋರ್ಡಿನ ಹತ್ತಿರ ಮಕ್ಕಳನ್ನೇ ಕರೆದು ಬಿಡಿಸುತ್ತಾರೆ. ಅದನ್ನು ನಾನು ನನ್ನ ತರಗತಿಗೂ ತಂದೆ. ಪರೀಕ್ಷಿಸುವುದಕ್ಕೆ ಹೋದವಳು ಕಲಿತು ಬಂದೆ, ಅದಕ್ಕೆ ಖುಷಿಯಿದೆ.

ಗ್ರೇಡಿನ ಲೆಕ್ಕ ಮಾತ್ರ ಕಷ್ಟವಾಯಿತು. ಆ ಶಾಲೆಯಲ್ಲಿ ಹೋಮ್‌ವರ್ಕ್‌ಗೆ ತುಂಬಾ ತೂಕ, ಟೆಸ್ಟ್ ಮತ್ತೆ ಬರೆಯಲು ಅವಕಾಶ. ಹೀಗಾಗಿ ಬಿ ಬರಬೇಕಾದ ಕಡೆ ಎ ಬರುತ್ತಿತ್ತು. ಹದಿನಾರರ ಮಗುವಿಗೆ ಇದು ಒಳ್ಳೆಯದಲ್ಲ. ಮುಂದಿನ ಕೋರ್ಸಿನಲ್ಲಿ ಅದು ಒಬ್ಬಂಟಿಯಾಗಿ ಪೆಟ್ಟು ತಿನ್ನುತ್ತದೆ, ಆ ಗ್ರೇಡೂ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಉಳಿಯುತ್ತದೆ. ಕಾಲೇಜಿನ ಗ್ರೇಡಿಗೆ ನಮ್ಮದೇ ತೂಕ, ಶಾಲೆಯ ಗ್ರೇಡಿಗೆ ಅವರದ್ದು ಅಂತ ಎರಡು ಗ್ರೇಡ್ ಪುಸ್ತಕ ಇಡಲು ಆ ಟೀಚರ್ ಒಪ್ಪಿದರು. ಕೆಲಸ ಜಾಸ್ತಿ, ಆದರೂ ಒಪ್ಪಿದರು.

ಮರುವರ್ಷ ಅವರ ಪ್ರಶ್ನೆಪತ್ರಿಕೆ ಬಂತು. ಲಾಗ್ ಪ್ರಶ್ನೆಯ ಕೆಳಗೆ ಒಂದು ಸಾಲು ಅವರೇ ಸೇರಿಸಿದ್ದರು: ಯಾವ ಉತ್ತರ ಬಿಟ್ಟಿರಿ, ಯಾಕೆ ಬಿಟ್ಟಿರಿ, ಬರೆಯಿರಿ.