ಟೀ ಕುದಿಸಬೇಡಿ, ಟೀ ಗಿಡಕ್ಕೆ ಬೂದಿ ಹಾಕಬೇಡಿ

ಮೊನ್ನೆ ಬೆಂಗಳೂರಿಗೆ ಮಗಳ ಮನೆಗೆ ಹೋಗಿದ್ದೆ. ಬೆಳಿಗ್ಗೆ ಅವಳು ಟೀ ಮಾಡುವುದನ್ನು ನೋಡಿ ತಡೆಯಲಿಕ್ಕೇ ಆಗಲಿಲ್ಲ. ಹಾಲು, ನೀರು, ಸಕ್ಕರೆ, ಪುಡಿ, ಶುಂಠಿ ಎಲ್ಲ ಒಟ್ಟಿಗೆ ಸುರಿದು, ಉರಿ ಜೋರು ಮಾಡಿ, ಫೋನ್ ಹಿಡಿದು ನಿಂತಳು. ಹಾಲು ಒಡೆಯಿತು. "ಹಾಲೇ ಸರಿ ಇಲ್ಲಮ್ಮ" ಅಂದಳು. ಹಾಲಿಗೆ ಏನೂ ಆಗಿರಲಿಲ್ಲ. ಹಸಿ ಶುಂಠಿಗೆ ಹಾಲು ಒಡೆಸುವ ಗುಣ ಇದೆ, ನೀರಲ್ಲಿ ಚೆನ್ನಾಗಿ ಕುದ್ದ ಮೇಲೆ ಅದು ಹೋಗುತ್ತದೆ. ಇಷ್ಟು ಗೊತ್ತಿಲ್ಲದೆ ಎಷ್ಟು ಮನೆಯಲ್ಲಿ ಹಾಲು ಸಿಂಕಿಗೆ ಹೋಗುತ್ತಿದೆಯೋ!

ಎರಡು ಒಲೆ ಇದೆ ಅಲ್ವಾ? ಒಂದರ ಮೇಲೆ ನೀರು, ಇನ್ನೊಂದರ ಮೇಲೆ ಹಾಲು ಇಡಿ. ಶುಂಠಿ ತುರಿಯಬೇಡಿ, ಕಲ್ಲಲ್ಲಿ ಒಂದೆರಡು ಏಟು ಜಜ್ಜಿ ನೀರಿಗೆ ಹಾಕಿ. ಅದರ ಘಮ ಪಕ್ಕದ ಕೋಣೆಗೆ ಹೋಗುವಷ್ಟು ಹೊತ್ತು ಕುದಿಯಲಿ. ಸಕ್ಕರೆ ಹಾಕಿ, ಕರಗಲಿ. ಈಗ ಒಲೆ ಆರಿಸಿ. ಹೌದು, ಆರಿಸಿಬಿಡಿ. ಆಮೇಲೆ ಪುಡಿ ಉದುರಿಸಿ, ತಕ್ಷಣ ತಟ್ಟೆ ಮುಚ್ಚಿ. ಮಧ್ಯೆ ತೆಗೆದು ನೋಡುವುದು, ಚಮಚ ಆಡಿಸುವುದು ಎಲ್ಲ ಬೇಡ. ಪಕ್ಕದಲ್ಲಿ ಹಾಲು ಉಕ್ಕಿ ಬರಲಿ, ಉರಿ ಸಣ್ಣ ಮಾಡಿ, ಇಳಿಯಲಿ, ಮತ್ತೊಂದು ಸಲ ಉಕ್ಕಲಿ. ಅಷ್ಟು ಹೊತ್ತು ಸಾಕು. ತಟ್ಟೆ ಎತ್ತಿದರೆ ಅದರ ಒಳಗಿನಿಂದ ಹನಿ ತೊಟ್ಟಿಕ್ಕುತ್ತದೆ, ಪುಡಿ ತಳಕ್ಕೆ ಕೂತಿರುತ್ತದೆ. ಇನ್ನೂ ಮೇಲೆ ತೇಲುತ್ತಿದ್ದರೆ ಮತ್ತೆ ಮುಚ್ಚಿ, ಸ್ವಲ್ಪ ತಾಳಿ. ಕೂತ ಮೇಲೆ ಬಿಸಿ ಹಾಲಿಗೆ ಸೋಸಿ. ಜಾಲರಿಯಲ್ಲಿ ಉಳಿದ ಚರಟವನ್ನು ಚಮಚದಿಂದ ಒತ್ತಿ ಹಿಂಡುತ್ತೀರಲ್ಲ, ಕಹಿ, ಒಗರು ಎಲ್ಲ ಅಲ್ಲಿಂದಲೇ ಬರುವುದು. ಹಿಂಡಬೇಡಿ.

ನಮ್ಮತ್ತೆ ಹೀಗೇ ಮಾಡುತ್ತಿದ್ದರು. ಅದು ಕಾಫಿ ಮನೆ, ಟೀ ಅಂದರೆ ಮಳೆಗಾಲಕ್ಕೆ, ಶೀತ ಜ್ವರಕ್ಕೆ ಮಾತ್ರ. ಸೌದೆ ಒಲೆ ಆರಿಸಲಿಕ್ಕೆ ಆಗುತ್ತಾ? ಪಾತ್ರೆ ಇಳಿಸಿ ಬೂದಿ ಮೇಲೆ ಕೂರಿಸಿ, ಹಿತ್ತಾಳೆ ತಟ್ಟೆ ಮುಚ್ಚಿ, ಮೇಲೆ ಒಂದು ಕಲ್ಲು ಇಡುತ್ತಿದ್ದರು. ನಾನು ಹೊಸದರಲ್ಲಿ ಒಮ್ಮೆ ಎತ್ತಿ ನೋಡಿದ್ದಕ್ಕೆ ಎರಡು ದಿನ ನನ್ನ ಕೈಗೆ ಟೀ ಪಾತ್ರೆ ಕೊಡಲಿಲ್ಲ.

ಜಾಲರಿ ಅಂದೆನಲ್ಲ, ಅದನ್ನೂ ನೋಡಿದೆ. ಕಪ್ಪಾಗಿ ಅರ್ಧ ತೂತು ಕಟ್ಟಿಹೋಗಿತ್ತು. ಬರೀ ಸೋಪು ಉಜ್ಜಿದರೆ ಹೋಗಲ್ಲ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ರಾತ್ರಿ ನೆನೆಸಿಡಿ, ಬೆಳಿಗ್ಗೆ ಹಳೇ ಬ್ರಷ್ಷಲ್ಲಿ ತಿಕ್ಕಿ.

ಇನ್ನು ಗಿಡದ ಕಥೆ. ಚಿಕ್ಕಮಗಳೂರು ಅಂದರೆ ಎಲ್ಲರೂ ಕಾಫಿ ಅಂತಾರೆ, ಆದರೆ ನಮ್ಮ ಕೆಳಗೂರಲ್ಲಿ ಟೀ ತೋಟವೂ ಇದೆ. ಆಸೆಪಟ್ಟಳು ಅಂತ ಮಗಳಿಗೆ ಒಂದು ಟೀ ಗಿಡ ಕುಂಡದಲ್ಲಿ ಕೊಟ್ಟಿದ್ದೆ. ಹೋಗಿ ನೋಡಿದರೆ ಎಲೆ ಎಲ್ಲ ಹಳದಿ, ನರ ಮಾತ್ರ ಹಸಿರು. ಕುಂಡದ ಅಂಚಲ್ಲಿ ಬಿಳಿ ಉಪ್ಪು. ಬೋರ್‌ವೆಲ್ ನೀರು, ಸಾಲದ್ದಕ್ಕೆ ಬೂದಿ, ಮೊಟ್ಟೆ ಸಿಪ್ಪೆ! ಗುಲಾಬಿಗೆ ಹಾಕುತ್ತೀನಿ, ಇದಕ್ಕೂ ಹಾಕಿದೆ ಅಂದಳು. ಟೀ ಗಿಡಕ್ಕೆ ಹುಳಿ ಮಣ್ಣು ಬೇಕು, ಪಿಎಚ್ 4.5ರಿಂದ 5.5. ಬೂದಿ, ಸುಣ್ಣ, ಮೊಟ್ಟೆ ಸಿಪ್ಪೆ ಯಾವುದೂ ಸೇರಬಾರದು. ಮಣ್ಣಿನ ಹುಳಿ ಹೋದರೆ ಕಬ್ಬಿಣದಂಶ ಮಣ್ಣಲ್ಲಿದ್ದರೂ ಬೇರಿಗೆ ಸಿಗಲ್ಲ, ಅದಕ್ಕೇ ಆ ಹಳದಿ. ಕುಡಿದು ಉಳಿದ ಚರಟವನ್ನು ಸಕ್ಕರೆ ಸಮೇತ ಬುಡಕ್ಕೆ ಸುರಿದಿದ್ದಳು ಬೇರೆ, ಇರುವೆ ಸಾಲು ಹಿಡಿದಿತ್ತು. ಹಾಕಲೇಬೇಕು ಅಂದರೆ ತೊಳೆದು, ಒಣಗಿಸಿ, ಒಂದು ಹಿಡಿ ಹಾಕಿ.

ಹೊಸ ಕೆಂಪು ಮಣ್ಣು, ಕೊಳೆತ ತರಗೆಲೆ ಸೇರಿಸಿ ಕುಂಡ ಬದಲಿಸಿದೆ. ಬುಡದಲ್ಲಿ ನೀರು ನಿಲ್ಲಬಾರದು, ಮಣ್ಣು ಪೂರ್ತಿ ಒಣಗಲೂಬಾರದು. ಮಧ್ಯಾಹ್ನದ ಸುಡು ಬಿಸಿಲು ಬೇಡ. ತುದಿ ಚಿವುಟುತ್ತಾ ಇರಿ, ಬಿಟ್ಟರೆ ಅದು ಮರವೇ ಆಗುತ್ತದೆ.

ಚಿವುಟಿದ್ದರಿಂದ ಮನೆಯಲ್ಲೇ ಪುಡಿ ಮಾಡುತ್ತೀನಿ ಅಂತ ಹೊರಡಬೇಡಿ. ಒಂದು ಕಿಲೋ ಪುಡಿಗೆ ನಾಲ್ಕೂವರೆ ಕಿಲೋದಷ್ಟು ಹಸಿ ಎಲೆ ಬೇಕು. ಎರಡೆಲೆ ಒಂದು ಕುಡಿ ಕಿತ್ತು, ಹಾಗೇ ಬಿಸಿನೀರಿಗೆ ಹಾಕಿ ಮುಚ್ಚಿಡಿ. ತಿಳಿ ಹಸಿರಿಗೆ ತಿರುಗುತ್ತದೆ, ಹಾಲು ಬೇಡ. ಮತ್ತೆ ಮಳೆ ಬಂದಾಗ ಬಾಲ್ಕನಿಯಲ್ಲಿ ಎರಡು ಬಕೆಟ್ ಇಡಿ, ಗಿಡಕ್ಕೆ ಆ ನೀರನ್ನೇ ಹಾಕಿ.